ಪಕ್ಕದಲ್ಲಿ ಪುಸ್ತಕ, ಎದುರಿಗೆ ಚಿತ್ರ: ಮನೆಯಲ್ಲಿ ನೋಡಿದ ಕೆಲವು ಕನ್ನಡ ರೂಪಾಂತರಗಳು

ಕನ್ನಡದ ಕಥೆ, ಕಾದಂಬರಿಗಳನ್ನು ಆಧರಿಸಿದ ಚಿತ್ರಗಳನ್ನು ಮೂಲಕೃತಿಯ ಜೊತೆಗಿಟ್ಟುಕೊಂಡು ಮನೆಯಲ್ಲಿ ಒಂದೊಂದಾಗಿ ನೋಡುತ್ತ ಬಂದಿದ್ದೇನೆ. ಬೇಕೆನಿಸಿದಲ್ಲಿ ನಿಲ್ಲಿಸಿ, ಪುಟ ತಿರುವಿ, ಅದೇ ದೃಶ್ಯವನ್ನು ಮತ್ತೆ ನೋಡುವ ಅನುಕೂಲ ಚಿತ್ರಮಂದಿರದಲ್ಲಿ ಸಿಗುವಂಥದ್ದಲ್ಲ. ಹೀಗೆ ನೋಡುತ್ತ ಹೋದಂತೆ ನನ್ನೊಳಗೆ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಲೇಖಕರು ಮಾತಿನಲ್ಲಿ ಹೇಳಿದ್ದನ್ನು ನಿರ್ದೇಶಕರು ಯಾವ ನೋಟಕ್ಕೆ, ಯಾವ ಸದ್ದಿಗೆ ಒಪ್ಪಿಸಿದ್ದಾರೆ ಎಂಬುದರ ಮೇಲೆ ಇಂಥ ಚಿತ್ರದ ಬಲ ನಿಂತಿದೆ. ಆದ್ದರಿಂದಲೇ ಮನೆಗೆ ಬರುವ ಪ್ರತಿಯಲ್ಲಿ ಬಿಂಬ ಮಸುಕಾಗಿದ್ದರೆ, ಧ್ವನಿ ಒಡೆದಿದ್ದರೆ, ನಮಗೆ ಸಿಗುವುದು ಕಥೆಯ ಸಾರಾಂಶ ಮಾತ್ರ.

ಈ ಮಾತಿಗೆ 'ಚೋಮನ ದುಡಿ'ಗಿಂತ ಒಳ್ಳೆಯ ನಿದರ್ಶನ ನನಗೆ ಕಾಣದು. ಶಿವರಾಮ ಕಾರಂತರ ಕಾದಂಬರಿ 1933ರದು, ಬಿ.ವಿ. ಕಾರಂತರ ಚಿತ್ರ 1975ರದು. ಸ್ವಂತ ಬೇಸಾಯದ ಆಸೆ ಹೊತ್ತ ಚೋಮನಿಗೆ ತನ್ನ ಸಿಟ್ಟು, ದುಃಖ, ಅಸಹಾಯಕತೆಗಳನ್ನು ಹೊರಹಾಕಲು ಇರುವುದು ದುಡಿ ಒಂದೇ. ಕಾದಂಬರಿಯಲ್ಲಿ ದುಡಿಯ ಸದ್ದನ್ನು ನಾವು ಓದಿ ಊಹಿಸಿಕೊಳ್ಳುತ್ತೇವೆ. ಚಿತ್ರದಲ್ಲಿ ಅದು ಸಂಭಾಷಣೆಯ ಜಾಗವನ್ನೇ ಆಕ್ರಮಿಸುತ್ತದೆ. ರಂಗಭೂಮಿಯಲ್ಲಿ ಸಂಗೀತವನ್ನು ಅಷ್ಟು ಬಲ್ಲ ನಿರ್ದೇಶಕರ ಕೈಗೆ ಈ ಕಾದಂಬರಿ ಸಿಕ್ಕಿದ್ದು ನಮ್ಮ ಭಾಗ್ಯವೆಂದೇ ನಾನು ಭಾವಿಸುತ್ತೇನೆ. ಚೋಮನಾಗಿ ನಟಿಸಿ ರಾಷ್ಟ್ರಪ್ರಶಸ್ತಿ ಪಡೆದ ಎಂ.ವಿ. ವಾಸುದೇವರಾವ್ ಅವರು ಬಾಗಿದ ಬೆನ್ನಿನಿಂದ, ದುಡಿಯ ಮೇಲೆ ಬೀಳುವ ಕೈಯಿಂದ ಎಷ್ಟೋ ಪುಟಗಳ ಕೆಲಸವನ್ನು ಮಾಡಿ ಮುಗಿಸುತ್ತಾರೆ. ಆದರೆ ತೆಳುವಾದ ಟೀವಿಗಳ ಒಳಗಿರುವ ಸಣ್ಣ ಸ್ಪೀಕರ್‌ಗಳಲ್ಲಿ ಚರ್ಮವಾದ್ಯದ ತಗ್ಗಿನ ನಾದ ಬಹುಮಟ್ಟಿಗೆ ಕಳೆದುಹೋಗಿ, ಮೇಲುಮೇಲಿನ ಟಕಟಕ ಸದ್ದಷ್ಟೇ ಉಳಿಯುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೊನೆಯ ಭಾಗವನ್ನು ಕೇಳಿದವರಿಗೆ, ಚೋಮ ಬಾಗಿಲು ಹಾಕಿಕೊಂಡು ಬಾರಿಸುವ ಆ ದುಡಿ ಎದೆಯೊಳಗೇ ಬಡಿದಂತಾಗುತ್ತದೆ.

ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಬಿಂಬದ ವಿಷಯದಲ್ಲಿ ಅಷ್ಟೇ ದೊಡ್ಡ ಸಾಧನೆ. ಯು.ಆರ್. ಅನಂತಮೂರ್ತಿಯವರ ಕಥೆಯಲ್ಲಿ ವಿಧವೆ ಯಮುನೆಯ ದುರಂತವನ್ನು ನಾವು ವೇದಪಾಠಶಾಲೆಗೆ ಬಂದ ಬಾಲಕ ನಾಣಿಯ ಕಣ್ಣಿನಿಂದ ಕಾಣುತ್ತೇವೆ. ಹುಡುಗನಿಗೆ ಏನು ಅರ್ಥವಾಗುತ್ತದೆ, ಏನು ಅರ್ಥವಾಗುವುದಿಲ್ಲ ಎಂಬುದನ್ನು ಲೇಖಕರು ವಾಕ್ಯಗಳಲ್ಲಿ ಹಿಡಿಯಬಲ್ಲರು. ಕ್ಯಾಮೆರಾಗೆ ಆ ಅನುಕೂಲವಿಲ್ಲ. ಹಾಗಾಗಿ ಕಾಸರವಳ್ಳಿಯವರು ಹುಡುಗನ ಮುಖವನ್ನೂ ಅವನು ನೋಡುತ್ತಿರುವುದನ್ನೂ ಬಿಡದೆ ಹೆಣೆಯುತ್ತಾರೆ. ಯಮುನೆ ಸಾಯಲೆಂದು ಹುತ್ತಕ್ಕೆ ಕೈಯಿಡುವ ಪ್ರಸಂಗದಲ್ಲಿ ಹುಡುಗನ ಭಯಕ್ಕೆ ಮಾತಿನ ಹಂಗೇ ಬೇಕಾಗಿಲ್ಲ. ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಛಾಯಾಗ್ರಹಣದಲ್ಲಿ ಕತ್ತಲೆಗೂ ಹಲವು ಪದರಗಳಿವೆ, ಆ ಪದರಗಳಲ್ಲೇ ಅಗ್ರಹಾರದ ಕ್ರೌರ್ಯವೂ ಅಡಗಿದೆ.

ಸಂಕಟವಿರುವುದು ಇಲ್ಲಿಯೇ. ನಾನು ಮೊದಲು ನೋಡಿದ ಪ್ರತಿ ಒಂದು ವಿಡಿಯೊ ವೇದಿಕೆಯಲ್ಲಿತ್ತು. ಅದರಲ್ಲಿ ರಾತ್ರಿಯ ದೃಶ್ಯಗಳೆಲ್ಲ ಬೂದುಬಣ್ಣದ ಒಂದೇ ಮುದ್ದೆಯಾಗಿದ್ದವು. ಆ ಕಾಲದ ಅನೇಕ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಚೌಕಾಕಾರದ್ದು. ಅದನ್ನು ಅಗಲವಾದ ಪರದೆಗೆ ಹೊಂದಿಸಲು ಎಳೆದರೆ ಮುಖಗಳು ಊದಿಕೊಳ್ಳುತ್ತವೆ, ಹಿಗ್ಗಿಸಿದರೆ ತಲೆಯೂ ಪಾದವೂ ಕತ್ತರಿಸಿಹೋಗುತ್ತವೆ. ನಿರ್ದೇಶಕರು ಅಳೆದು ಇಟ್ಟ ಚೌಕಟ್ಟನ್ನು ಹೀಗೆ ಕೆಡಿಸುವುದು, ಕಥೆಯ ಪ್ರತಿ ಪುಟದಿಂದ ಎರಡೆರಡು ಸಾಲು ಅಳಿಸಿ ಅಚ್ಚು ಹಾಕಿದ್ದಕ್ಕೆ ಸಮ. ಪುನರುಜ್ಜೀವನಗೊಂಡ 'ಘಟಶ್ರಾದ್ಧ' 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆಕಂಡಿತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನಂಥ ಸಂಸ್ಥೆಗಳು ಇದಕ್ಕಾಗಿ ಪಟ್ಟ ಶ್ರಮದ ಫಲ ಕನ್ನಡದ ಮನೆಮನೆಗೂ ತಲುಪಬೇಕೆಂಬುದು ನನ್ನ ಆಸೆ. ಅಲ್ಲಿಯವರೆಗೆ ವೀಕ್ಷಕರು ಮಾಡಬಹುದಾದದ್ದೂ ಒಂದಿಷ್ಟಿದೆ: ಟೀವಿಯಲ್ಲಿ ಚಿತ್ರದ ಅಳತೆಯನ್ನು ಮೂಲಕ್ಕೆ ತಂದು ಎರಡು ಬದಿಯ ಕಪ್ಪು ಪಟ್ಟಿಗಳನ್ನು ಇರಗೊಡಬೇಕು, ಮತ್ತು ಚಲನೆಯನ್ನು ನಯಗೊಳಿಸುವ ಆಯ್ಕೆಯನ್ನು ಆಫ್ ಮಾಡಬೇಕು. ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಚಿತ್ರಿಸಿದ್ದರ ನಡುವೆ ಆ ಸೌಲಭ್ಯ ತಾನೇ ಕಲ್ಪಿಸಿದ ಚೌಕಟ್ಟುಗಳನ್ನು ತುರುಕುವುದರಿಂದ ಎಂಥ ಚಿತ್ರವೂ ಧಾರಾವಾಹಿಯಂತೆ ಕಾಣತೊಡಗುತ್ತದೆ.

'ಸಂಸ್ಕಾರ'ದ (1970) ಬಗ್ಗೆ ನನ್ನ ಮೆಚ್ಚುಗೆ ಇಷ್ಟು ಪೂರ್ಣವಲ್ಲ. ಪಟ್ಟಾಭಿರಾಮ ರೆಡ್ಡಿಯವರ ಧೈರ್ಯ, ನಾರಣಪ್ಪನಾಗಿ ಲಂಕೇಶರು ತೋರುವ ಉಡಾಫೆ, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿಯವರ ಸಹಜತೆ ಇವೆಲ್ಲ ಇಂದಿಗೂ ಹೊಳೆಯುತ್ತವೆ. ಆದರೆ ಪ್ರಾಣೇಶಾಚಾರ್ಯರ ಒಳತೋಟಿ ಕಾದಂಬರಿಯಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆಯೋ, ಗಿರೀಶ ಕಾರ್ನಾಡರ ಸಂಯಮದ ಮುಖದಲ್ಲಿ ಅಷ್ಟು ಆಳ ನನಗೆ ಸಿಗಲಿಲ್ಲ. ಆಚಾರ್ಯರು ಊರು ಬಿಟ್ಟು ಅಲೆಯುವ ಭಾಗ ಬಂದಾಗಲೆಲ್ಲ ನಾನು ಚಿತ್ರವನ್ನು ನಿಲ್ಲಿಸಿ ಪುಸ್ತಕಕ್ಕೆ ಮರಳಿದ್ದೇನೆ.

ವೈದೇಹಿಯವರ ಕಥೆಯಿಂದ ಹೊರಟ 'ಗುಲಾಬಿ ಟಾಕೀಸ್' (2008) ಮನೆಯಲ್ಲಿ ನೋಡುವಾಗ ಬೇರೆಯದೇ ಅರ್ಥ ಪಡೆಯುತ್ತದೆ, ಏಕೆಂದರೆ ಅದರ ಕೇಂದ್ರದಲ್ಲಿರುವುದೇ ಮನೆಯೊಳಕ್ಕೆ ಬಂದ ಒಂದು ಟೀವಿ. ಸೂಲಗಿತ್ತಿ ಗುಲಾಬಿಯ ಮನೆಗೆ ಅದನ್ನು ನೋಡಲು ಹೆಂಗಸರು ಬಂದು ಸೇರುತ್ತಾರೆ. ಊರಿನ ಅಪನಂಬಿಕೆಯೂ ಹಿಂದೆಯೇ ಬರುತ್ತದೆ. ತೆರೆಯ ಮೇಲಿನದನ್ನು ನೋಡುತ್ತ ಅರಳುವ ಉಮಾಶ್ರೀಯವರ ಮುಖ ಈ ಚಿತ್ರದ ಜೀವ. ಅವರಿಗೆ ಸಂದ ರಾಷ್ಟ್ರಪ್ರಶಸ್ತಿ ಅತ್ಯಂತ ಯೋಗ್ಯವಾದದ್ದು. ಚಿಕ್ಕ ಪರದೆಯಲ್ಲಿ ಈ ಚಿತ್ರ ಏನನ್ನೂ ಕಳೆದುಕೊಳ್ಳುವುದಿಲ್ಲ ಎಂಬುದು ನನ್ನ ಅನುಭವ.

ಹೀಗೆ ಓದುತ್ತ ನೋಡಬೇಕೆನ್ನುವವರು 'ತಬರನ ಕಥೆ'ಯಿಂದ ಆರಂಭಿಸಬಹುದು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಒಂದೇ ಕೂರಿಗೆ ಓದಿ ಮುಗಿಸಬಹುದು. ಓದಿದ ದಿನವೇ ಚಿತ್ರವನ್ನೂ ನೋಡಿದರೆ, ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನ ಪಾತ್ರದಲ್ಲಿ ಚಾರುಹಾಸನ್ ಅವರು ನಡಿಗೆಯೊಂದರಿಂದಲೇ ಏನೇನು ಸೇರಿಸಿದ್ದಾರೆಂಬುದು ತಾನಾಗಿ ತಿಳಿಯುತ್ತದೆ.