ತೂಕ ಮಾತ್ರ ನೋಡಿ ಗಾಳಿ ಪ್ಯಾಡ್ ಕೊಳ್ಳಬೇಡಿ: ಮಂಗಳೂರು, ಉಡುಪಿ ಕಡೆಯ ಚಾರಣಿಗರಿಗೆ ಎಚ್ಚರಿಕೆ

ಟೆಂಟಿನಲ್ಲಿ ಮಲಗಲು ಗಾಳಿ ಊದಿ ಹಾಸುವ ಹಾಸಿಗೆಯೇ ಗಾಳಿ ಪ್ಯಾಡ್. ಮೊದಲು ನಾವು ಕೊಂಡ ಪ್ಯಾಡ್‌ನ ವಿವರ. ಆನ್‌ಲೈನಿನಲ್ಲಿ ₹1,900ಕ್ಕೆ ಸಿಕ್ಕಿದ್ದು. ಉದ್ದ 190 ಸೆಂ.ಮೀ., ಅಗಲ 58, ದಪ್ಪ 6. ತೂಕ 480 ಗ್ರಾಂ. 40ಡಿ (ಡೀನಿಯರ್, ನೂಲಿನ ದಪ್ಪದ ಅಳತೆ) ನೈಲಾನ್ ಬಟ್ಟೆ, ಒಳಮೈಗೆ ಟಿಪಿಯು ಎಂಬ ಬಾಗುವ ಪ್ಲಾಸ್ಟಿಕ್ಕಿನ ಲೇಪ. ‘ಮೈನಸ್ 10 ಡಿಗ್ರಿಗೂ ಸೂಕ್ತ’ ಎಂದು ದೊಡ್ಡ ಅಕ್ಷರದಲ್ಲಿ ಹಾಕಿದ್ದರು. ಮೈಯ ಶಾಖ ನೆಲಕ್ಕೆ ಹೋಗದಂತೆ ಪ್ಯಾಡ್ ಎಷ್ಟು ತಡೆಯುತ್ತದೆ ಎಂದು ಹೇಳುವ ಆರ್-ವ್ಯಾಲ್ಯೂ ಎಷ್ಟು ಎಂಬುದು ಎಲ್ಲೂ ಇರಲಿಲ್ಲ. ನಮ್ಮ ಚಾರಣದ ಗುಂಪಿಗೆಂದು ತರಿಸಿದ ಈ ಪ್ಯಾಡ್ ಬಾಳಿದ್ದು ಒಟ್ಟು ಮೂರು ರಾತ್ರಿ. ಒಂದು ರಾತ್ರಿ ಪಡುಬಿದ್ರಿ ಹತ್ತಿರ ಮರಳಿನ ಮೇಲೆ, ಪರೀಕ್ಷೆಗೆಂದು. ಉಳಿದೆರಡು ಡಿಸೆಂಬರಿನಲ್ಲಿ ಉತ್ತರಾಖಂಡದ ಕೇದಾರಕಾಂಠದ ಹಾದಿಯಲ್ಲಿ, ಹಿಮದ ಮೇಲೆ ಹಾಕಿದ ಟೆಂಟಿನಲ್ಲಿ.

ಹಿಮದ ಮೊದಲ ರಾತ್ರಿಯೇ ಸೊಂಟ ಮತ್ತು ಭುಜದ ಅಡಿಯಲ್ಲಿ ಚಳಿ ಕೊರೆಯತೊಡಗಿತು. ಸ್ಲೀಪಿಂಗ್ ಬ್ಯಾಗಿನ ಮೇಲ್ಭಾಗ ಬೆಚ್ಚಗೇ ಇತ್ತು. ಚಳಿ ಬರುತ್ತಿದ್ದದ್ದು ನೆಲದಿಂದ. ಎರಡನೆಯ ರಾತ್ರಿ ಮಗ್ಗುಲು ಬದಲಿಸುವಾಗ ಒಳಗಿನಿಂದ ‘ಟಪ್’ ಎಂದು ಸದ್ದು ಬಂತು. ಪಕ್ಕಪಕ್ಕದ ಎರಡು ಗಾಳಿಕೊಳವೆ ಒಂದಾಗಿ ಬೆನ್ನಿನ ಅಡಿ ಗುಜ್ಜೆಯ ಗಾತ್ರದ ಉಬ್ಬು ಎದ್ದಿತ್ತು. ಬೆಳಗಾಗುವಷ್ಟರಲ್ಲಿ ಅದರ ಪಕ್ಕದ ಬೆಸುಗೆಯೂ ಬಿಟ್ಟಿತ್ತು. ಗಾಳಿ ಮಾತ್ರ ಎಳ್ಳಷ್ಟೂ ಸೋರಿರಲಿಲ್ಲ. ತೂತೇ ಇಲ್ಲದ ಮೇಲೆ ಪ್ಯಾಚ್ ಹಾಕುವುದೆಲ್ಲಿಗೆ?

ಇಂಥ ಪ್ಯಾಡ್‌ಗಳಲ್ಲಿ ಮೇಲಿನ ಬಟ್ಟೆಗೂ ಕೆಳಗಿನ ಬಟ್ಟೆಗೂ ಅಲ್ಲಲ್ಲಿ ಶಾಖದಿಂದ ಬೆಸುಗೆ ಹಾಕಿರುತ್ತಾರೆ. ಬೆಸೆದುಕೊಂಡಿರುವುದು ನೈಲಾನ್ ಅಲ್ಲ, ಅದರ ಮೇಲಿನ ತೆಳು ಟಿಪಿಯು ಪದರ. ಆ ಪದರ ಬಟ್ಟೆಯಿಂದ ಬಿಟ್ಟುಕೊಂಡರೆ ಕೊಳವೆ ಉಬ್ಬುತ್ತದೆ. ಒಂದು ಬೆಸುಗೆ ಹೊತ್ತಿದ್ದ ಭಾರ ಪಕ್ಕದ ಬೆಸುಗೆಯ ಮೇಲೆ ಬೀಳುವುದರಿಂದ ಅದೂ ಬೇಗ ಹೋಗುತ್ತದೆ. ಬೆಸುಗೆ ಇರುವುದು ಪ್ಯಾಡ್‌ನ ಹೊಟ್ಟೆಯೊಳಗೆ. ಕಾಡಿನಲ್ಲಿರಲಿ, ಮನೆಯಲ್ಲೂ ಅದನ್ನು ಸರಿಮಾಡಲು ಆಗದು.

ಆದರೆ ಈ ಪ್ಯಾಡ್ ಕೆಟ್ಟಿದ್ದು ಹಿಮದಲ್ಲಲ್ಲ, ಪಡುಬಿದ್ರಿಯಲ್ಲಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅಲ್ಲಿ ಬೆಳಿಗ್ಗೆ ಗಾಳಿ ಬಿಡದೆ, ಗಟ್ಟಿಯಾಗಿ ಊದಿದ ಪ್ಯಾಡನ್ನು ಮುಚ್ಚಿದ ಟೆಂಟಿನೊಳಗೇ ಬಿಟ್ಟು ಎಲ್ಲರೂ ನೀರಿಗೆ ಇಳಿದಿದ್ದರು. ವಾಪಸಾದಾಗ ಹನ್ನೊಂದು ಗಂಟೆ. ಟೆಂಟಿನೊಳಗೆ ಕೈಯಿಟ್ಟರೆ ಒಲೆಯ ಬಾಯಿಗೆ ಇಟ್ಟ ಹಾಗಿತ್ತು, ಪ್ಯಾಡ್ ಕಲ್ಲಿನಂತೆ ಬಿಗಿದಿತ್ತು. ಇದರ ಲೆಕ್ಕ ತಿಳಿದುಕೊಂಡರೆ ಮುಂದೆ ಯಾರೂ ಹಾಗೆ ಮಾಡುವುದಿಲ್ಲ. ಬಾಯಲ್ಲಿ ಊದಿ ತುಂಬಿದ ಪ್ಯಾಡ್‌ನಲ್ಲಿ ಹೊರಗಿನ ಗಾಳಿಗಿಂತ ಕೆಲವೇ ಕಿಲೋಪಾಸ್ಕಲ್ ಒತ್ತಡ ಹೆಚ್ಚಿರುತ್ತದೆ, ಬೆಸುಗೆ ತಡೆಯಬೇಕಾದದ್ದು ಅಷ್ಟನ್ನೇ. ಒಳಗಿನ ಗಾಳಿ 27 ಡಿಗ್ರಿಯಿಂದ 55 ಡಿಗ್ರಿಗೆ ಏರಿದರೆ ಒಟ್ಟು ಒತ್ತಡ ಶೇ 9ರಷ್ಟು ಹೆಚ್ಚುತ್ತದೆ. ಒಟ್ಟು ಒತ್ತಡ 100 ಕಿಲೋಪಾಸ್ಕಲ್‌ಗೆ ತುಸು ಮೇಲಿರುವುದರಿಂದ ಆ ಶೇ 9 ಎಂದರೆ 9 ಕಿಲೋಪಾಸ್ಕಲ್‌ಗೂ ಹೆಚ್ಚು. ಬಟ್ಟೆ ಸ್ವಲ್ಪ ಹಿಗ್ಗಿ ಒಂದಿಷ್ಟನ್ನು ನುಂಗಿಕೊಂಡರೂ ಬೆಸುಗೆಯ ಮೇಲಿನ ಎಳೆತ ಎರಡು ಮೂರು ಪಟ್ಟಾಗುತ್ತದೆ. ಅದೂ ಟಿಪಿಯು ಬಿಸಿಗೆ ಮೆತ್ತಗಾಗಿರುವ ಹೊತ್ತಿನಲ್ಲಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಊದಿದ ಪ್ಯಾಡ್ ಇಟ್ಟರೂ ಕಥೆ ಇದೇ. ಎದ್ದ ಕೂಡಲೇ ವಾಲ್ವ್ ತೆರೆಯಿರಿ. ಹಗಲು ಮಲಗಲು ಬೇಕಿದ್ದರೆ ಮುಕ್ಕಾಲು ಭಾಗ ಮಾತ್ರ ತುಂಬಿ ನೆರಳಿನಲ್ಲಿಡಿ.

ಕೆಳಗಿನಿಂದ ಚಳಿ ಹೊಡೆದದ್ದಕ್ಕೆ ಕಾರಣ ಬೇರೆ. ಆ ಪ್ಯಾಡ್‌ನ ಹೊಟ್ಟೆಯಲ್ಲಿ ಬರೀ ಗಾಳಿ. ಮೇಲೆ ಮೈಯ ಬಿಸಿ, ಕೆಳಗೆ ಹಿಮ, ನಡುವೆ ಗಾಳಿಗೆ ಓಡಾಡಲು ಆರು ಸೆಂ.ಮೀ. ಜಾಗ. ಗಾಳಿ ಓಡಾಡಿದಷ್ಟೂ ಮೈಯ ಶಾಖ ನೆಲಕ್ಕೆ ಹೋಗುತ್ತದೆ. ಪ್ಯಾಡ್ ದಪ್ಪವಾಗಿದ್ದ ಮಾತ್ರಕ್ಕೆ ಬೆಚ್ಚಗಿರುವುದಿಲ್ಲ. ಒಳಗೆ ನಾರಿನ ಹೊದಿಕೆಯೋ, ಹೊಳೆಯುವ ಪ್ರತಿಫಲಕ ಹಾಳೆಯೋ, ಅಡ್ಡಪದರಗಳೋ ಇದ್ದರೆ ಮಾತ್ರ ಶಾಖ ನಿಲ್ಲುತ್ತದೆ. ಇದನ್ನು ಅಳೆಯುವ ಸಂಖ್ಯೆಯೇ ಆರ್-ವ್ಯಾಲ್ಯೂ. 2018ರಲ್ಲಿ ಎಎಸ್‌ಟಿಎಂ ಎಫ್3340 ಎಂಬ ಮಾನದಂಡ ಬಂದ ಮೇಲೆ ದೊಡ್ಡ ಕಂಪನಿಗಳು ಒಂದೇ ವಿಧಾನದಲ್ಲಿ ಅಳೆದ ಅಂಕಿ ಕೊಡುತ್ತಿವೆ. ಹಾಗಾಗಿ ಬೇರೆ ಬೇರೆ ಕಂಪನಿಯ ಪ್ಯಾಡ್‌ಗಳನ್ನು ಹೋಲಿಸಬಹುದು. ‘ಮೈನಸ್ 10’ ಎಂದು ಬರೆಯುವುದಕ್ಕೆ ಅಂಥ ಅಳತೆಗೋಲಿಲ್ಲ. ಆರ್-ವ್ಯಾಲ್ಯೂ ಇಲ್ಲದ ಪ್ಯಾಡ್ ಅನ್ನು 1ರ ಆಸುಪಾಸು ಎಂದೇ ಲೆಕ್ಕ ಹಾಕಿ. ಆರ್-ವ್ಯಾಲ್ಯೂ ಬರೆದು ಮಾನದಂಡದ ಹೆಸರು ಬರೆಯದಿದ್ದರೆ ಕೇಳಿ. ಉತ್ತರ ಬಾರದಿದ್ದರೆ ಬಿಟ್ಟುಬಿಡಿ.

ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ, ಕಡಲ ತೀರದಲ್ಲಿ ಮಲಗುವುದಕ್ಕೆ ಆರ್-ವ್ಯಾಲ್ಯೂ ನೋಡುವುದೇ ಬೇಡ. ಆ ಸೆಕೆಗೆ ಚಾಪೆಯೇ ಹಿತ. ಘಟ್ಟದ ಮೇಲೆ, ಅರಣ್ಯ ಇಲಾಖೆ ತಂಗಲು ಬಿಡುವ ಕಡೆ, ಡಿಸೆಂಬರ್ ಜನವರಿಯ ರಾತ್ರಿಗೂ 2ರಿಂದ 2.5 ಸಾಕು. ಹಿಮಾಲಯದಲ್ಲಿ ಹಿಮವಿಲ್ಲದ ಕಾಲದ ಎತ್ತರದ ಬಿಡಾರಗಳಿಗೆ 3.5ರಿಂದ 4 ಇರಲಿ. ಹಿಮದ ಮೇಲೆ ಮಲಗುವವರು 5ಕ್ಕಿಂತ ಕಡಿಮೆಗೆ ಒಪ್ಪಬೇಡಿ. ಒಂದರ ಮೇಲೊಂದು ಹಾಸಿದರೆ ಆರ್-ವ್ಯಾಲ್ಯೂ ಕೂಡುತ್ತದೆ. 2ರ ಮಡಚುವ ಫೋಮ್ ಹಾಸಿ ಅದರ ಮೇಲೆ 3.2ರ ಗಾಳಿ ಪ್ಯಾಡ್ ಹಾಕಿದರೆ 5.2. ಗಾಳಿ ಪ್ಯಾಡ್ ನಡುವೆ ಕೈಕೊಟ್ಟರೂ ಫೋಮ್ ಉಳಿದಿರುತ್ತದೆ. ಹಿಮಕ್ಕೆ ಹೋಗುವವರಿಗೆ ನಾವು ಹೇಳುವುದು ಇದೊಂದನ್ನೇ: ಸುಮಾರು 400 ಗ್ರಾಂ ಹೆಚ್ಚಾದರೂ ಫೋಮ್ ಹೊತ್ತುಕೊಂಡು ಹೋಗಿ.

ಬೆಲೆಯ ಅಂದಾಜೂ ಇರಲಿ. ಥರ್ಮರೆಸ್ಟ್ ಕಂಪನಿಯ ನಿಯೋಏರ್ ಎಕ್ಸ್‌ಲೈಟ್ ಎನ್‌ಎಕ್ಸ್‌ಟಿ ಸುಮಾರು 370 ಗ್ರಾಂ ತೂಕದಲ್ಲಿ 4.5 ಕೊಡುತ್ತದೆ. ಅದಕ್ಕೆ ಅಮೆರಿಕದಲ್ಲೇ 200 ಡಾಲರ್ ಆಸುಪಾಸು. ಹೆಸರಿಲ್ಲದ ಪ್ಯಾಡ್ ಅದೇ ತೂಕ, ಅದೇ ಬೆಚ್ಚಗೆಯನ್ನು ಎರಡು ಸಾವಿರಕ್ಕೆ ಕೊಡುತ್ತೇನೆಂದರೆ ಮೂರರಲ್ಲಿ ಒಂದು ಸುಳ್ಳಾಗಿರಲೇಬೇಕು. ಹೆಚ್ಚಾಗಿ ಅದು ಬೆಚ್ಚಗೆಯೇ.

ಪಾರ್ಸೆಲ್ ಬಂದ ದಿನವೇ ಪರೀಕ್ಷೆ ಮಾಡಿ. ಬಹಳ ಮಾರಾಟಗಾರರ ವಾಪಸಾತಿ ಗಡುವು 7 ಅಥವಾ 10 ದಿನ ಮಾತ್ರ. ನಾವು ಮೋಸಹೋದದ್ದು ಅಲ್ಲೇ: ಹಿಮಾಲಯದಲ್ಲಿ ಬೆಸುಗೆ ಬಿಡುವ ಹೊತ್ತಿಗೆ ಗಡುವು ಮುಗಿದು ತಿಂಗಳಾಗಿತ್ತು, ಮಾರಾಟಗಾರ ‘ಬಳಕೆಯ ದೋಷ’ ಎಂದು ಕೈತೊಳೆದುಕೊಂಡ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಪ್ಯಾಡ್, ಚೀಲ, ಪಂಪ್ ಎಲ್ಲ ಸೇರಿಸಿ ತೂಗಿ. ಬರೆದ ತೂಕ ಬರೀ ಪ್ಯಾಡ್‌ನದ್ದೂ ಆಗಿರಬಹುದು. ಸಂಜೆ ಊದಿ 20 ನಿಮಿಷ ಬಿಡಿ. ಬಾಯಿಯ ಗಾಳಿ ಬೆಚ್ಚಗಿರುತ್ತದೆ, ಅದು ಆರಿದಾಗ ಪ್ಯಾಡ್ ಮೆತ್ತಗಾಗುವುದು ಸಹಜ. 34 ಡಿಗ್ರಿಯ ಗಾಳಿ 5 ಡಿಗ್ರಿಗೆ ಇಳಿದರೆ ಗಾತ್ರ ಶೇ 9ರಷ್ಟು ಕುಗ್ಗುತ್ತದೆ. ಗುಡ್ಡದ ಮೇಲೆ ಇದನ್ನೇ ತೂತು ಎಂದುಕೊಂಡು ಮಧ್ಯರಾತ್ರಿ ಹುಡುಕಾಡುವವರಿದ್ದಾರೆ. 20 ನಿಮಿಷದ ನಂತರ ಎರಡು ಉಸಿರು ತುಂಬಿ ರಾತ್ರಿಯಿಡೀ ಅದರ ಮೇಲೆ ಮಲಗಿ. ಎಸಿ ಬೇಡ, ಕೋಣೆಯ ತಾಪಮಾನ ಒಂದೇ ಇರಬೇಕು. ಬೆಳಿಗ್ಗೆ ಸೊಂಟ ನೆಲಕ್ಕೆ ತಾಗುತ್ತಿದ್ದರೆ ಸೋರಿಕೆ ಇದೆ. ಆಮೇಲೆ ಪ್ಯಾಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಬೆಸುಗೆಯ ಸಾಲು ನೋಡಿ. ಒಂದು ಕೊಳವೆ ಪಕ್ಕದ್ದಕ್ಕಿಂತ ದಪ್ಪ ಕಂಡರೆ, ಬೆಸುಗೆಯ ಅಂಚಿನಲ್ಲಿ ಬಿಳಿ ಗುಳ್ಳೆ ಕಂಡರೆ, ಅದೇ ದಿನ ವಾಪಸ್ ಹಾಕಿ. ಪೆಟ್ಟಿಗೆ ತೆರೆಯುವಾಗಿನಿಂದ ವಿಡಿಯೊ ಇರಲಿ. ಮಾರಾಟಗಾರ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಮಾರಾಟಗಾರನ ಊರಿಗೆ ಹೋಗಬೇಕಾಗಿಲ್ಲ.

ವಾಲ್ವ್ ಬಗ್ಗೆ ಒಂದು ಮಾತು. ಚಪ್ಪಟೆ ವಾಲ್ವ್‌ನೊಳಗೆ ತೆಳುವಾದ ಸಿಲಿಕೋನ್ ಎಲೆ ಇರುತ್ತದೆ. ಅದರ ಅಡಿ ಮಲ್ಪೆಯ ಮರಳಿನ ಒಂದು ಕಣ ಸಿಕ್ಕಿಕೊಂಡರೂ ರಾತ್ರಿಯಿಡೀ ಸೋರುತ್ತದೆ. ಸಿಹಿನೀರಿನಲ್ಲಿ ತೊಳೆದು ಬೆರಳಿನಿಂದ ಸವರಿದರೆ ಸಾಕು, ಪಿನ್ ಹಾಕಿ ಕೆದಕಬೇಡಿ.

ತೂತು ಹುಡುಕಲು ಸೋಪಿನ ನೀರು ಹಚ್ಚಿ, ಗುಳ್ಳೆ ಏಳುವಲ್ಲಿ ಪೆನ್ನಿನಿಂದ ಸುತ್ತು ಹಾಕಿ. ಸೈಕಲ್ ಟ್ಯೂಬಿನ ಪ್ಯಾಚ್ ರಬ್ಬರಿಗೆ ಅಂಟುತ್ತದೆ, ಟಿಪಿಯುಗೆ ಅಂಟದು. ಫೆವಿಕ್ವಿಕ್ ಒಣಗಿ ಗಾಜಿನಂತಾಗಿ ಮಡಚಿದಾಗ ಬಿರಿಯುತ್ತದೆ. ಪೈಪಿಗೆ ಹಚ್ಚುವ ಪಿವಿಸಿ ಅಂಟು ಇದಕ್ಕಲ್ಲ. ಗಾಳಿ ಪೂರ್ತಿ ಬಿಟ್ಟು, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಒಣಗಿದ ಮೇಲೆ ಯುರೆಥೇನ್ ಅಂಟು ತೆಳುವಾಗಿ ಹಚ್ಚಿ. ಪ್ಯಾಚ್ ತೂತಿನ ಸುತ್ತ ಕನಿಷ್ಠ 1 ಸೆಂ.ಮೀ. ಹೆಚ್ಚಿಗೆ ಇರಲಿ, ಮೂಲೆಗಳನ್ನು ದುಂಡಗೆ ಕತ್ತರಿಸಿ. ಒಂದು ಇಡೀ ದಿನ ಊದಬೇಡಿ.

ಇನ್ನು ನಮ್ಮ ಹವೆ. ಪಾಲಿಎಸ್ಟರ್ ಬಗೆಯ ಟಿಪಿಯು ತೇವ ಮತ್ತು ಸೆಕೆ ಎರಡೂ ಸೇರಿದಲ್ಲಿ ನಿಧಾನವಾಗಿ ಕಳಚುತ್ತದೆ, ಪಾಲಿಈಥರ್ ಬಗೆಯದು ತಾಳಿಕೊಳ್ಳುತ್ತದೆ. ಯಾವ ಬಗೆ ಎಂದು ಲೇಬಲ್ಲಿನಲ್ಲಿ ಬರೆಯುವವರು ಕಡಿಮೆ. ಆದ್ದರಿಂದ ಎಲ್ಲ ಪ್ಯಾಡ್‌ಗೂ ಒಂದೇ ಎಚ್ಚರ ಬೇಕು. ಮುದುರಿ ಚೀಲಕ್ಕೆ ತುರುಕಿ, ಹೆಂಚಿನ ಅಡಿಯ ಅಟ್ಟಕ್ಕೆ ಏರಿಸಬೇಡಿ. ಮಾರ್ಚಿನಿಂದ ಮೇವರೆಗೆ ಅಲ್ಲಿ ಬೇಯುತ್ತದೆ, ಜೂನಿನಿಂದ ಬೂಷ್ಟು ಹಿಡಿಯುತ್ತದೆ. ಬಾಯಿಂದ ಊದಿದರೆ ಪ್ರತಿ ಸಲವೂ ಎರಡು ಗ್ರಾಂನಷ್ಟು ನೀರಿನ ಆವಿ, ಜೊತೆಗೆ ಎಂಜಲು ಒಳಗೆ ಹೋಗುತ್ತದೆ. ಊದುವ ಚೀಲ ಬಳಸಿ: ಬಾಯಗಲ ತೆರೆದು ಒಂದು ಗೇಣು ದೂರದಿಂದ ಒಂದೇ ಉಸಿರು ಬಿಟ್ಟರೆ ಸುತ್ತಲ ಗಾಳಿಯನ್ನೂ ಸೆಳೆದುಕೊಂಡು ಚೀಲ ತುಂಬುತ್ತದೆ. ಚಾರಣ ಮುಗಿಸಿ ಬಂದ ಮೇಲೆ ಅರ್ಧ ತುಂಬಿ, ವಾಲ್ವ್ ತೆರೆದು, ಫ್ಯಾನಿನ ಅಡಿ ಎರಡು ದಿನ ಬಿಡಿ. ನಂತರ ವಾಲ್ವ್ ತೆರೆದೇ ಮಂಚದ ಅಡಿ ಸಡಿಲವಾಗಿ ಹಾಸಿಡಿ. ಉಂಬಳಕ್ಕೆಂದು ಕಾಲಿಗೆ ಹಚ್ಚುವ ಡೀಟ್ ಇರುವ ದ್ರಾವಣ ಪ್ಯಾಡ್‌ಗೆ ತಾಗದಿರಲಿ, ಅದು ಪ್ಲಾಸ್ಟಿಕ್ ಪದರವನ್ನು ಮೆತ್ತಗೆ ಮಾಡುತ್ತದೆ.

ಮುರಕಲ್ಲಿನ ನೆಲ, ನಾಚಿಕೆಮುಳ್ಳು, ಕೊಯ್ಲಾದ ಗದ್ದೆಯ ಕೂಳೆ, ಇವು ಮೂರೂ ತೆಳು ನೈಲಾನಿಗೆ ಶತ್ರು. ಪ್ಯಾಕಿಂಗಿಗೆ ಬಳಸುವ 3 ಮಿ.ಮೀ. ಬಿಳಿ ಫೋಮ್ ಹಾಳೆಯನ್ನು ಅಡಿಗೆ ಹಾಸಿದರೆ ಬಹುಪಾಲು ತೂತು ತಪ್ಪುತ್ತದೆ. ಕೆಟ್ಟ ಪ್ಯಾಡನ್ನು ನಾವು ಎಸೆದಿಲ್ಲ. ಬೆಸುಗೆ ಬಿಟ್ಟ ಭಾಗ ಬಿಟ್ಟು, ಲೇಪ ಗಟ್ಟಿಯಾಗಿರುವ ಕಡೆಯ ಬಟ್ಟೆಯನ್ನು 5 ಸೆಂ.ಮೀ. ಅಗಲದ ದುಂಡು ತುಂಡುಗಳಾಗಿ ಕತ್ತರಿಸಿ, ಯುರೆಥೇನ್ ಅಂಟಿನ ಟ್ಯೂಬಿನೊಂದಿಗೆ ರಿಪೇರಿ ಡಬ್ಬಿಗೆ ಹಾಕಿಟ್ಟಿದ್ದೇವೆ. ಲೇಪದ ಮಗ್ಗುಲು ಅಂಟಿನ ಕಡೆಗಿರಬೇಕು.