ಮಲೆನಾಡಿನ ಮಳೆಗೆ ಯಾವ ಸೋಲಾರ್? ನಾಲ್ಕು ಬಗೆ ಬಳಸಿ ನೋಡಿದ್ದು

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂಟಿ ಮನೆ. ಕೆಳಗೆ ಅಡಿಕೆ ತೋಟ, ಮೇಲೆ ಕಾಡು. ಜೂನ್‌ನಲ್ಲಿ ಗಾಳಿಮಳೆ ಶುರುವಾದರೆ ಎಲ್ಲೋ ಒಂದು ಮರ ಲೈನಿನ ಮೇಲೆ ಬೀಳುತ್ತದೆ. ಕರೆಂಟ್ ಒಮ್ಮೊಮ್ಮೆ ಸಂಜೆಗೇ ಬರುತ್ತದೆ, ಒಮ್ಮೊಮ್ಮೆ ಮೂರು ದಿನವಾದರೂ ಇಲ್ಲ.

ನಮಗೆ ಬೇಕಾದದ್ದು ದೊಡ್ಡದೇನಲ್ಲ. ಅಡುಗೆಮನೆ, ಜಗಲಿ, ಬಚ್ಚಲು, ಕೊಟ್ಟಿಗೆಗೆ ಒಂದೊಂದು ದೀಪ. ಎರಡು ಮೊಬೈಲ್. ಮತ್ತೆ ವೈಫೈ ರೂಟರ್. ಇಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ಫೋನಿನಲ್ಲಿ ಮಾತಾಡುವುದೂ ವೈಫೈ ಮೇಲೆಯೇ. ರೂಟರ್ ಆರಿದರೆ ರಾತ್ರಿ ಹೊತ್ತು ಯಾರನ್ನೂ ಕರೆಯಲು ಆಗುವುದಿಲ್ಲ. ಅಮ್ಮನಿಗೆ ಬಿಪಿ ಇದೆ. ಹಾಗಾಗಿ ಇದು ನನಗೆ ಬರೀ ಹವ್ಯಾಸದ ವಿಷಯ ಅಲ್ಲ.

ಇಷ್ಟಕ್ಕಾಗಿ ನಾಲ್ಕು ಮಳೆಗಾಲದಲ್ಲಿ ನಾಲ್ಕು ಬಗೆಯ ಸೋಲಾರ್ ತಂದು ಬಳಸಿದ್ದೇನೆ.

ಮೊದಲು ತಂದದ್ದು ಬೆನ್ನಿಗೆ ಪ್ಯಾನೆಲ್ ಅಂಟಿಸಿದ ಪವರ್ ಬ್ಯಾಂಕ್. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಲೆಕ್ಕ ಹಾಕಿದರೆ ಸಾಕು. ಅದರ ಮೇಲೆ ಬರೆದ 20,000 ಎಂಎಎಚ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಅಂದರೆ ಸುಮಾರು 74 ವ್ಯಾಟ್-ಅವರ್. ಒಂದು ವ್ಯಾಟಿನ ದೀಪ ಒಂದು ತಾಸು ಉರಿದರೆ ಒಂದು ವ್ಯಾಟ್-ಅವರ್ ಖರ್ಚು. ಅಂಗೈಯಗಲದ ಆ ಪ್ಯಾನೆಲ್ ಒಂದೂವರೆ ವ್ಯಾಟಿನದು. ದಿನಕ್ಕೆ ಐದು ತಾಸು ಒಳ್ಳೆಯ ಬಿಸಿಲು ಸಿಕ್ಕರೂ ಏಳೂವರೆ ವ್ಯಾಟ್-ಅವರ್. ತುಂಬಲು ಹತ್ತು ದಿನ ಬೇಕು, ಅದೂ ಬೇಸಿಗೆಯಲ್ಲಿ. ಅಷ್ಟು ಹೊತ್ತು ಲಿಥಿಯಂ ಬ್ಯಾಟರಿಯನ್ನು ಉರಿಬಿಸಿಲಲ್ಲಿ ಇಟ್ಟರೆ ಅದರ ಆಯಸ್ಸೂ ಕಡಿಮೆಯಾಗುತ್ತದೆ. ಗೋಡೆಯ ಪ್ಲಗ್ಗಿನಿಂದ ತುಂಬಿಸಿಕೊಳ್ಳಲು ಒಳ್ಳೆಯದು. ಸೋಲಾರ್ ಅಂತ ಮಾತ್ರ ಕೊಳ್ಳಬೇಡಿ.

ಅದೇ ವರ್ಷ ಒಂದು ಸೋಲಾರ್ ಲ್ಯಾಂಟರ್ನ್ ಕೂಡ ತಂದೆ. ಇದು ಪವರ್ ಬ್ಯಾಂಕ್‌ಗಿಂತ ಎಷ್ಟೋ ಮೇಲು. ಕಾರಣ ಒಂದೇ: ಪ್ಯಾನೆಲ್ ಬೇರೆ, ದೀಪ ಬೇರೆ, ನಡುವೆ ಉದ್ದ ವಯರು. ಪ್ಯಾನೆಲ್ಲನ್ನು ಅಂಗಳದಲ್ಲಿ ಬಿಸಿಲಿಗೆ ಇಟ್ಟು ದೀಪವನ್ನು ನೆರಳಲ್ಲಿ ಇಡಬಹುದು. ಮೋಡದ ದಿನವೂ ಸಂಜೆ ಎರಡು ತಾಸು ಬೆಳಕು ಕೊಟ್ಟಿತು. ಎರಡನೇ ವರ್ಷ ಒಳಗಿನ 6 ವೋಲ್ಟಿನ ಸಣ್ಣ ಬ್ಯಾಟರಿ ಸತ್ತಿತು. ಅಂಗಡಿಯಲ್ಲಿ ಅದೇ ಅಳತೆಯದು ಸಿಕ್ಕಿತು, ಸ್ಕ್ರೂ ಬಿಚ್ಚಿ ನಾನೇ ಹಾಕಿದೆ. ಲ್ಯಾಂಟರ್ನ್ ಕೊಳ್ಳುವವರು ಹಿಂದಿನ ಮುಚ್ಚಳ ಸ್ಕ್ರೂನದೋ ಅಂಟಿಸಿದ್ದೋ ಅಂತ ಮೊದಲು ನೋಡಿ. ಅಂಟಿಸಿದ್ದಾದರೆ ಎರಡು ವರ್ಷದ ಮೇಲೆ ಎಸೆಯಬೇಕಾಗುತ್ತದೆ. ಆದರೆ ಲ್ಯಾಂಟರ್ನ್ ಒಂದೇ ಕೋಣೆಯ ದೀಪ. ಅಮ್ಮ ಅಡುಗೆಮನೆಗೆ ಒಯ್ದರೆ ಜಗಲಿ ಕತ್ತಲು.

ಪಕ್ಕದ ಊರಿನ ನೆಂಟರ ಮನೆಯಲ್ಲಿ ಹಳೆಯ ನಾಲ್ಕು ದೀಪದ ಸೆಟ್ಟು ಇತ್ತು. ಮಾಡಿನ ಮೇಲೆ ಒಂದು ಪ್ಯಾನೆಲ್, ಗೋಡೆಗೆ ಬ್ಯಾಟರಿಯ ಚಾರ್ಜನ್ನು ಹಿಡಿತದಲ್ಲಿಡುವ ಒಂದು ಕಂಟ್ರೋಲರ್, ಕೆಳಗೆ ಬ್ಯಾಟರಿ. ಅಲ್ಲಿಂದ ವಯರು ನೇರ ದೀಪಕ್ಕೆ. ಬ್ಯಾಟರಿಯ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟಾಗಿ ಮಾಡುವ ಇನ್ವರ್ಟರ್ ಇಲ್ಲ. ನಮ್ಮ ಕಡೆಗೆ ಇದು ಹೊಸತೂ ಅಲ್ಲ. 1995ರಲ್ಲಿ ಶುರುವಾದ ಸೆಲ್ಕೋ ಕಂಪನಿ ಇಂಥ ಸಣ್ಣ ಸೆಟ್ಟುಗಳನ್ನು ಬ್ಯಾಂಕ್ ಸಾಲದ ಜೊತೆ ಹಳ್ಳಿ ಮನೆಗಳಿಗೆ ತಲುಪಿಸಿತು. ಅದನ್ನು ಕಟ್ಟಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ನೆಂಟರ ಮನೆಯ ಸೆಟ್ಟು ನೋಡಿಯೇ ನಾನು ಬಿಡಿ ಸಾಮಾನು ತಂದು ಜೋಡಿಸಿದೆ: 50 ವ್ಯಾಟಿನ ಪ್ಯಾನೆಲ್, ಕಂಟ್ರೋಲರ್, 12 ವೋಲ್ಟ್ 40 ಎಎಚ್‌ನ ಟ್ಯೂಬ್ಯುಲರ್ ಬ್ಯಾಟರಿ (ಸೀಸ, ಆಸಿಡ್ ಇರುವ ಬಗೆ), 5 ವ್ಯಾಟಿನ ನಾಲ್ಕು ಡಿಸಿ ಎಲ್‌ಇಡಿ ಬಲ್ಬು.

ನಡುವೆ ಒಂದು ಸಣ್ಣ ಇನ್ವರ್ಟರ್ ಕೂಡ ಹಾಕಿ ನೋಡಿದೆ, ಮನೆಯ ಮಾಮೂಲಿ ಬಲ್ಬುಗಳೇ ಉರಿಯಲಿ ಅಂತ. ಮೀಟರ್ ಹಿಡಿದಾಗ, ಒಂದು ಬಲ್ಬೂ ಉರಿಯದೆ ಇನ್ವರ್ಟರ್ ಒಂದೇ ಏಳೆಂಟು ವ್ಯಾಟ್ ಕುಡಿಯುತ್ತಿತ್ತು. ಅದು ಒಂದೂವರೆ ದೀಪದ ಕರೆಂಟ್. ಅವತ್ತೇ ತೆಗೆದೆ. ನಮ್ಮ ರೂಟರ್ ಹೇಗೂ 12 ವೋಲ್ಟಿನದು, ನೇರ ಡಿಸಿಗೇ ಕೊಟ್ಟೆ. ಮೊಬೈಲಿಗೆ ಕಾರಿನಲ್ಲಿ ಹಾಕುವ ಯುಎಸ್‌ಬಿ ಚಾರ್ಜರ್ ಸಾಕಾಯಿತು.

ಮಾರ್ಚ್‌ನಲ್ಲಿ ಈ ಸೆಟ್ಟು ಬಹಳ ಚೆನ್ನಾಗಿ ನಡೆಯಿತು. ಮಧ್ಯಾಹ್ನ ಪ್ಯಾನೆಲ್ಲಿನಿಂದ 38 ವ್ಯಾಟ್ ಬರುತ್ತಿತ್ತು. ನಾಲ್ಕು ದೀಪ ನಾಲ್ಕು ತಾಸು, ರೂಟರ್ ಹತ್ತು ತಾಸು, ಎರಡು ಮೊಬೈಲ್ ಎಲ್ಲ ಸೇರಿ ದಿನಕ್ಕೆ 180 ವ್ಯಾಟ್-ಅವರ್ ಹತ್ತಿರ ಖರ್ಚು. ಜಮಾ ಖರ್ಚು ಸರಿ ಹೋಗುತ್ತಿತ್ತು.

ಜುಲೈಯಲ್ಲಿ ಅದೇ ಮಧ್ಯಾಹ್ನ ನಾಲ್ಕರಿಂದ ಆರು ವ್ಯಾಟ್. ಏಳೆಂಟರಲ್ಲೊಂದು ಪಾಲು! ಮಳೆ ಹಿಡಿದು ಕೂತ ವಾರ ಬ್ಯಾಟರಿ ಒಂದು ದಿನವೂ ತುಂಬಲಿಲ್ಲ. ದೀಪ ಕಡಿಮೆ ಉರಿಸಿದೆವು, ರೂಟರ್ ರಾತ್ರಿ ಮಾತ್ರ ಹಾಕಿದೆವು. ಕಷ್ಟದಲ್ಲಿ ದಿನ ದೂಡಬಹುದು. ಬ್ಯಾಟರಿಗೆ ಆಗುತ್ತಿದ್ದ ಪೆಟ್ಟು ಮಾತ್ರ ಆಗ ನನಗೆ ಕಾಣಲಿಲ್ಲ.

ಸೀಸದ ಬ್ಯಾಟರಿಗೆ ಆಗಾಗ ಪೂರ್ತಿ ಹೊಟ್ಟೆ ತುಂಬಬೇಕು. ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಇದ್ದರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿ ಕೂರುತ್ತದೆ. ಆಮೇಲೆ ಎಷ್ಟು ಬಿಸಿಲು ಬಂದರೂ ಮೊದಲಿನಷ್ಟು ಹಿಡಿಯುವುದಿಲ್ಲ. ಎರಡನೇ ಮಳೆಗಾಲ ಮುಗಿಯುವಾಗ ನನ್ನ ಬ್ಯಾಟರಿ ಹಾಗೇ ಆಗಿತ್ತು. ಬೆಳಗ್ಗೆಯಿಂದ ಬಿಸಿಲು ತಿಂದು 12.7 ವೋಲ್ಟ್ ತೋರಿಸುವುದು, ಎರಡು ದೀಪ ಹಾಕಿದ ಎರಡೇ ತಾಸಿಗೆ ಕಂಟ್ರೋಲರ್ ಕಟ್ ಮಾಡುವುದು. ನವೆಂಬರ್‌ನಲ್ಲಿ ಅಡಿಕೆ ಸುಲಿಯುವವರು ರಾತ್ರಿ ಚಪ್ಪರದಲ್ಲಿ ಕೂತಾಗಲೇ ಬೆಳಕು ಕೈಕೊಟ್ಟಿತು.

ಇನ್ನೊಂದು ತೊಂದರೆ ಬ್ಯಾಟರಿ ನೀರು. ಆರು ಮುಚ್ಚಳ ತೆಗೆದು ಮಟ್ಟ ನೋಡಿ ತುಂಬಿಸಬೇಕು. ನಾನು ಹದಿನೈದು ದಿನ ಊರಲ್ಲಿ ಇರಲಿಲ್ಲ. ಅಮ್ಮ ಫೋನಿನಲ್ಲಿ ಹೇಳಿದರು, "ಆಸಿಡ್ ಅಂದ್ರೆ ನಂಗೆ ಹೆದ್ರಿಕೆ ಮಾರಾಯ, ಅದನ್ನ ನಾನು ಮುಟ್ಟಲ್ಲ." ಸರಿಯಾಗಿಯೇ ಹೇಳಿದರು. ಮನೆಯಲ್ಲಿ ವಯಸ್ಸಾದವರೇ ಇದ್ದರೆ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅಲ್ವಾ?

ಹೋದ ವರ್ಷ ಬ್ಯಾಟರಿ ಮಾತ್ರ ಬದಲಿಸಿದೆ. 12.8 ವೋಲ್ಟ್ 20 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಎಂಬ ಬಗೆಯ ಲಿಥಿಯಂ ಬ್ಯಾಟರಿ. 40 ಹೋಗಿ 20 ಆಯಿತಲ್ಲ, ಅರ್ಧವಾಯಿತಲ್ಲ ಅಂತ ಅನ್ನಿಸಬಹುದು. ಹಾಗಲ್ಲ. ಸೀಸದ ಬ್ಯಾಟರಿಯ (12 ವೋಲ್ಟ್ x 40 ಎಎಚ್) 480 ವ್ಯಾಟ್-ಅವರ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ತೆಗೆದರೆ ಅದರ ಆಯಸ್ಸು ಇಳಿಯುತ್ತದೆ. ಬಳಸಲು ಸಿಗುವುದು 240. ಲಿಥಿಯಂನ 256ರಲ್ಲಿ 230ರಷ್ಟು ಧೈರ್ಯವಾಗಿ ಬಳಸಬಹುದು. ತೂಕ ಮೂರು ಕೆಜಿಯೂ ಇಲ್ಲ. ನೀರು ಬೇಡ, ಆಸಿಡ್ ವಾಸನೆ ಇಲ್ಲ. ನಾನು ಕೊಟ್ಟ ಬೆಲೆ 6,800 ರೂಪಾಯಿ, ಹಿಂದಿನ ಬ್ಯಾಟರಿಗೆ 5,200 ಆಗಿತ್ತು.

ನನಗೆ ಎಲ್ಲಕ್ಕಿಂತ ದೊಡ್ಡ ಲಾಭ ಕಂಡದ್ದು ಮಳೆಯಲ್ಲೇ. ಈ ಬ್ಯಾಟರಿಗೆ ಅರೆಹೊಟ್ಟೆಯಲ್ಲಿ ಇದ್ದರೂ ಏನೂ ಆಗುವುದಿಲ್ಲ. ಬಂದಷ್ಟು ಕರೆಂಟನ್ನು ಹೆಚ್ಚು ನಷ್ಟವಿಲ್ಲದೆ ಹಿಡಿದುಕೊಳ್ಳುತ್ತದೆ. ಆಷಾಢ ಪೂರ್ತಿ ಕಾಲು ಭಾಗ, ಅರ್ಧ ಭಾಗದಲ್ಲೇ ಓಡಾಡಿಕೊಂಡಿತ್ತು. ದೀಪಾವಳಿ ಹೊತ್ತಿಗೆ ಅಳೆದು ನೋಡಿದರೆ ಹೊಸದರಲ್ಲಿ ಕೊಟ್ಟಷ್ಟೇ ತಾಸು ಕೊಟ್ಟಿತು. ಬಯಲುಸೀಮೆಯಲ್ಲಿ, ವರ್ಷದಲ್ಲಿ ಬಹುಪಾಲು ದಿನ ಬಿಸಿಲಿರುವ ಕಡೆ, ಸೀಸದ ಬ್ಯಾಟರಿ ಸಾಕು ಅಂತಲೇ ನಾನು ಹೇಳುತ್ತೇನೆ. ನಮ್ಮಲ್ಲಿ ಅದು ಬೇಡ.

ಒಂದು ಎಚ್ಚರಿಕೆ. ಹಳೆಯ ಕಂಟ್ರೋಲರ್ ಹಾಗೇ ಇಟ್ಟು ಲಿಥಿಯಂ ಜೋಡಿಸಬೇಡಿ. ಚಾರ್ಜ್ ಮಾಡುವ ವೋಲ್ಟೇಜು ಎರಡಕ್ಕೂ ಬೇರೆ. ಲಿಥಿಯಂ ಸೆಟ್ಟಿಂಗ್ ಇರುವ ಕಂಟ್ರೋಲರ್ ಬೇಕು. ನನ್ನದರಲ್ಲಿ ಇರಲಿಲ್ಲ, ಹೊಸದು ತಂದೆ.

ಆಮೇಲೆ ಇನ್ನೊಂದು 50 ವ್ಯಾಟ್ ಪ್ಯಾನೆಲ್ ಸೇರಿಸಿದೆ. ದುಡ್ಡು ಮಿಕ್ಕಿದರೆ ಬ್ಯಾಟರಿ ದೊಡ್ಡದು ಮಾಡಬೇಡಿ, ಪ್ಯಾನೆಲ್ ದೊಡ್ಡದು ಮಾಡಿ. ಮೋಡದಲ್ಲಿ ಬರುವುದೇ ಕಡಿಮೆ, ಖಾಲಿ ಡಬ್ಬ ದೊಡ್ಡದಾಗಿ ಏನು ಪ್ರಯೋಜನ? ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ. ಒಂದು ಅಡಿಕೆ ಸೋಗೆಯ ನೆರಳೂ ಬೀಳದಿರಲಿ. ಪ್ಯಾನೆಲ್ ಒಳಗಿನ ಬಿಲ್ಲೆಗಳೆಲ್ಲ (ಸೆಲ್) ಸಾಲಾಗಿ ಜೋಡಿಸಿದವು, ಒಂದಕ್ಕೆ ನೆರಳಾದರೂ ಇಡೀ ಪ್ಯಾನೆಲ್ ಸೊರಗುತ್ತದೆ. ನಾನು ಮೊದಲು ಹೆಂಚಿನ ಮಾಡಿನ ಮೇಲೆ ಕೂರಿಸಿದ್ದೆ. ಮಂಗಗಳು ವಯರು ಎಳೆದವು, ಅಂಚಿಗೆ ಪಾಚಿ ಕಟ್ಟಿತು, ಒರೆಸಲು ಹತ್ತುವುದೂ ಅಪಾಯ. ಈಗ ಅಂಗಳದ ಅಂಚಿಗೆ ಕಬ್ಬಿಣದ ಕಂಬ ನೆಟ್ಟು ಅದರ ಮೇಲೆ ಇಟ್ಟಿದ್ದೇನೆ. ಉದ್ದ ಕೋಲಿಗೆ ಬಟ್ಟೆ ಕಟ್ಟಿ ಅಮ್ಮನೇ ಒರೆಸುತ್ತಾರೆ.

ಲ್ಯಾಂಟರ್ನ್ ಈಗಲೂ ಇದೆ. ಕೊಟ್ಟಿಗೆಯ ಬಾಗಿಲಲ್ಲಿ ತೂಗುಹಾಕಿದ್ದೇನೆ, ರಾತ್ರಿ ದನ ಕೂಗಿದರೆ ಕೈಗೆ ಸಿಗಲಿ ಅಂತ. ಸತ್ತ ಸೀಸದ ಬ್ಯಾಟರಿಯನ್ನು ಗುಜರಿಯವರಿಗೆ ಕೊಡಲಿಲ್ಲ. ಅವರು ಒಡೆದು ಆಸಿಡ್ ಚರಂಡಿಗೆ ಸುರಿದರೆ ಆ ನೀರು ಹೋಗುವುದು ನಮ್ಮದೇ ತೋಟಕ್ಕೆ. ಕೊಂಡ ಅಂಗಡಿಗೇ ವಾಪಸ್ ಒಯ್ದೆ, ತೂಕ ಹಾಕಿ ದುಡ್ಡು ಕೊಟ್ಟರು.