ಪ್ರಸಂಗ ಓದುವುದಕ್ಕೆ ಕನ್ನಡಕವೋ, ಇ-ಇಂಕ್ ರೀಡರೋ?

ವೇಷವಿಲ್ಲದೆ ಕುಳಿತು, ಹಾಡು-ಮಾತಿನಲ್ಲೇ ಯಕ್ಷಗಾನದ ಕಥೆ ನಡೆಸುವ ತಾಳಮದ್ದಳೆಯಲ್ಲಿ ಅರ್ಥ (ಪದ್ಯವನ್ನು ಹಿಡಿದು ಆಡುವ ಮಾತು) ಹೇಳುವ ನಾನು ದಿನಾ ಒಂದೆರಡು ತಾಸಾದರೂ ಪ್ರಸಂಗದ, ಅಂದರೆ ಆ ಕಥೆಯ ಕಾವ್ಯದ, ಪದ್ಯಗಳನ್ನು ಓದಲೇಬೇಕು. ಹಳೆಯ ಪ್ರತಿಗಳಲ್ಲಿ ಬಹಳಷ್ಟು ಈಗ ಸ್ಕ್ಯಾನ್ ಆಗಿ ಪಿಡಿಎಫ್‌ನಲ್ಲಿ ಸಿಗುತ್ತವೆ. ಎರಡು ವರ್ಷ ಮೊಬೈಲಿನಲ್ಲೇ ಓದಿದೆ. ಕಣ್ಣಿಗೆ ಮರಳು ಬಿದ್ದ ಹಾಗೆ ಉರಿ, ಹುಬ್ಬಿನ ಮೇಲೆ ನೋವು. ಮೂರು ದಾರಿ ಹಿಡಿದು ನೋಡಿದ್ದೇನೆ. ಶಿರಸಿಯ ಕಡೆಯ ಗೆಳೆಯರು ಯಾರು ಕೇಳಿದರೂ ಇ-ಇಂಕ್ ರೀಡರನ್ನೇ (ಕಾಗದದಂತೆ ಕಾಣುವ ಪರದೆಯ, ಪುಸ್ತಕ ಓದುವ ಸಾಧನ) ಕೊಳ್ಳಿ ಎನ್ನುತ್ತೇನೆ.

ಮೊದಲು ಕೊಂಡದ್ದು ನೀಲಿ ಬೆಳಕು ತಡೆಯುವ ಕನ್ನಡಕ, 1,600 ರೂಪಾಯಿ. ಅಂಗಡಿಯವರು ಪುಟ್ಟ ನೀಲಿ ಟಾರ್ಚನ್ನು ಗಾಜಿನ ಮೇಲೆ ಬಿಟ್ಟು, ಆಚೆ ಬೆಳಕು ದಾಟದ್ದನ್ನು ತೋರಿಸಿದ್ದರು. ತಿಂಗಳು ಹಾಕಿಕೊಂಡರೂ ಉರಿ ಇಳಿಯಲಿಲ್ಲ. ಆಮೇಲೆ ತಿಳಿಯಿತು: 2023ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಇಂಥ ಗಾಜಿನಿಂದ ಕಣ್ಣಿನ ಆಯಾಸ ಕಡಿಮೆಯಾಗುವುದು ಅನುಮಾನವೆಂದು ಹೇಳಿದೆ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಬಹಳ ಕಡಿಮೆ. ಕಣ್ಣು ಒಣಗುವುದು ಅದರಿಂದ. ಕೊಳ್ಳುವಾಗ ಇದನ್ನು ಯಾರೂ ಹೇಳಲಿಲ್ಲವೆಂಬ ಸಿಟ್ಟು ನನಗೆ ಇಂದಿಗೂ ಇದೆ.

ಎರಡನೆಯ ದಾರಿ ಮೊಬೈಲಿನ ಕಪ್ಪು ಹಿನ್ನೆಲೆ (ಡಾರ್ಕ್ ಮೋಡ್), ಅದಕ್ಕೆ ಖರ್ಚಿಲ್ಲ. ಆದರೆ ನನ್ನ ಆ್ಯಪಿನಲ್ಲಿ ಸ್ಕ್ಯಾನ್ ಪುಟ ಬೆಳ್ಳಗೇ ಉಳಿಯುತ್ತದೆ.

ರೀಡರ್ 6 ಇಂಚಿನದು, ಇನ್ನೊಬ್ಬರು ಬಳಸಿದ್ದನ್ನು 5,500ಕ್ಕೆ ತಂದೆ. ಒಳಗಿನ ಕಪ್ಪು-ಬಿಳಿ ಕಣಗಳು ಜರುಗಿ ಅಕ್ಷರ ಮೂಡುತ್ತದೆ. ಕಾಗದವನ್ನು ಓದುವಂತೆ ಸುತ್ತಲಿನ ಬೆಳಕಿನಲ್ಲೇ ಓದಬೇಕು. ಜಗಲಿಯ ಹಗಲು ಬೆಳಕಿನಲ್ಲಿ ಮೊಬೈಲ್ ಮಂಕಾದರೆ ಇದು ಇನ್ನಷ್ಟು ಸ್ಪಷ್ಟ. ಮಳೆಗಾಲದಲ್ಲಿ ಎರಡು ದಿನ ಕರೆಂಟು ಹೋದರೂ ಚಿಂತೆಯಿಲ್ಲ, ಒಮ್ಮೆ ಚಾರ್ಜ್ ಮಾಡಿದರೆ ನನಗೆ ಮೂರು ವಾರ ಬರುತ್ತದೆ.

ಕಾಡಿದ್ದು ಒಂದೇ, ಆದರೆ ಬಹಳ ಕಾಡಿತು: ಒತ್ತಕ್ಷರ. ಸ್ಕ್ಯಾನ್ ಪುಟವೆಂದರೆ ಚಿತ್ರ. ಅದರಲ್ಲಿ ಅಕ್ಷರವನ್ನಷ್ಟೇ ದೊಡ್ಡದು ಮಾಡಲು ಬರುವುದಿಲ್ಲ. ಇಡೀ ಪುಟ 6 ಇಂಚಿನೊಳಗೆ ಕುಗ್ಗಿದಾಗ ‘ರಾಷ್ಟ್ರ’ದ ಕೆಳಗಿನ ಎರಡು ಒತ್ತುಗಳು ಒಂದು ಮಸಿಯ ಚುಕ್ಕೆಯಾದವು. ಅರ್ಕಾವತ್ತು ಮುಂದಿನ ಅಕ್ಷರಕ್ಕೆ ಅಂಟಿಕೊಂಡಿತು. ‘ಧ’ದ ಬುಡದ ಸೀಳು ಮುಚ್ಚಿಹೋಗಿ, ರಾಜ ಕೊಟ್ಟದ್ದು ಧನವೋ ದನವೋ ಎಂದು ಪದ್ಯದ ಪ್ರಾಸ ಹಿಡಿದು ಊಹಿಸಬೇಕಾಯಿತು. ಅರ್ಥ ಹೇಳುವವನಿಗೆ ಒಂದು ಅಕ್ಷರ ತಪ್ಪಿದರೂ ಮಾತು ಬೇರೆ ದಾರಿ ಹಿಡಿಯುತ್ತದೆ.

ಹತ್ತು ದಿನ ಒದ್ದಾಡಿದ ಮೇಲೆ ಉಪಾಯ ಸಿಕ್ಕಿತು. ಕಂಪ್ಯೂಟರಿನಲ್ಲಿ ಪುಟದ ನಾಲ್ಕೂ ಅಂಚಿನ ಖಾಲಿ ಜಾಗ ಕತ್ತರಿಸಿ, ಕಪ್ಪನ್ನು ಸ್ವಲ್ಪ ಗಾಢ ಮಾಡಿ, ರೀಡರನ್ನು ಅಡ್ಡ ಹಿಡಿದು ಓದುತ್ತೇನೆ. ಒಂದು ಪುಟ ಮೂರು ತುಂಡಾಗಿ ಬರುತ್ತದೆ. ಪದ್ಯ ನಡುವೆ ತುಂಡಾದಾಗ ಈಗಲೂ ಕಿರಿಕಿರಿಯೇ. ಆದರೆ ಒತ್ತುಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಯಾವುದನ್ನು ಕೊಂಡರೂ ಕಣ್ಣಿಗೆ ಬಿಡುವು ಬೇಕು. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ್ದನ್ನು, 20 ಸೆಕೆಂಡು ನೋಡಬೇಕೆನ್ನುತ್ತಾರೆ. ನಾನು ಅಂಗಳದಾಚೆಯ ಅಡಿಕೆ ಮರಗಳ ತಲೆ ನೋಡುತ್ತೇನೆ.

10 ಇಂಚಿನದು ಕೊಂಡರೆ ಈ ಕತ್ತರಿಸುವ ಕೆಲಸ ತಪ್ಪುತ್ತಿತ್ತು, ಅಷ್ಟು ದುಡ್ಡು ನನ್ನಲ್ಲಿಲ್ಲ. ನನ್ನ ಓದೆಲ್ಲ ಪದ್ಯ. ಬಣ್ಣದ ಚಿತ್ರ ಬೇಕಾದವರಿಗೆ ಇದು ಒಗ್ಗದು. ಬಳಸಿದ್ದನ್ನು ಕೊಳ್ಳುವುದಾದರೆ ದುಡ್ಡು ಕೊಡುವ ಮುನ್ನ ನಿಮ್ಮದೇ ಒಂದು ಹಳೆಯ ಪುಟವನ್ನು ಅದಕ್ಕೆ ಹಾಕಿ, ಧನ-ದನ ಬೇರೆಬೇರೆ ಕಾಣುತ್ತವೆಯೇ ನೋಡಿಕೊಳ್ಳಿ.